‘ಕಿಬ್ಬುಟ್ಸ್‌ನಲ್ಲಿ ಒಂದು ದಿನ’: ಮಾರ್ಗದರ್ಶಿಗೆ ಪೂರ್ಣ ಅಂಕ, ವೇಳಾಪಟ್ಟಿಗಲ್ಲ

ನಮ್ಮ ಕರಾವಳಿಯಿಂದ ಇಸ್ರೇಲಿಗೆ ಆರೈಕೆ ಕೆಲಸಕ್ಕೆ ಬಂದ ಅನೇಕರಲ್ಲಿ ನಾನೂ ಒಬ್ಬಳು. ನಾನು ನೋಡಿಕೊಳ್ಳುವ ಅಜ್ಜಿ ದಿನಕ್ಕೆ ಹತ್ತು ಸಲ ‘ಕಿಬ್ಬುಟ್ಸ್‌ನಲ್ಲಿ ಹೀಗಿರಲಿಲ್ಲ’ ಎನ್ನುವುದನ್ನು ಕೇಳಿ ಕೇಳಿ, ದುಡಿಮೆಯನ್ನೂ ಗಳಿಕೆಯನ್ನೂ ಎಲ್ಲರೂ ಹಂಚಿಕೊಂಡು ಬದುಕಲೆಂದು ಕಟ್ಟಿದ ಆ ಸಾಮೂಹಿಕ ಹಳ್ಳಿ ಹೇಗಿರುತ್ತದೆಂದು ನೋಡಿಯೇ ಬಿಡೋಣವೆಂದು ರಜೆಯ ದಿನ ಟೆಲ್ ಅವೀವ್‌ನಿಂದ ಹೊರಡುವ ಪ್ರವಾಸವೊಂದಕ್ಕೆ ಹೆಸರು ಕೊಟ್ಟೆ. ಪ್ರವಾಸ ಸಂಸ್ಥೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಕಾರಣ ಮುಂದೆ ತಿಳಿಯುತ್ತದೆ.

ನಾವು ಹೋದದ್ದು ಎಲ್ಲ ಕಿಬ್ಬುಟ್ಸ್‌ಗಳ ತಾಯಿ ಎನಿಸಿಕೊಂಡ ದೆಗಾನ್ಯಾ ಆಲೆಫ್‌ಗೆ. ಜೋರ್ಡಾನ್ ನದಿ ಗಲಿಲೇಯ ಸಮುದ್ರದಿಂದ ಹೊರಬೀಳುವಲ್ಲಿ ಈ ಊರಿದೆ. ಸಮುದ್ರವೆಂದರೂ ಅದು ಸಿಹಿನೀರಿನ ಸರೋವರವೇ. ಹೀಬ್ರೂ ಹೆಸರು ಕಿನ್ನೆರೆತ್. ಆ ಹೆಸರು ಕಿನ್ನೋರ್ ಎಂಬ ತಂತಿವಾದ್ಯದಿಂದ ಬಂದಿತೆನ್ನುವ ವಾಡಿಕೆಯನ್ನು ಕೇಳಿದಾಗ ನಮ್ಮ ಕಿನ್ನರಿ ನೆನಪಾಯಿತು. 1910ರಲ್ಲಿ, ಒಟ್ಟೋಮನ್ನರ ಆಳ್ವಿಕೆಯ ಕಾಲದಲ್ಲಿ, ಹತ್ತು ಮಂದಿ ಗಂಡಸರೂ ಇಬ್ಬರು ಹೆಂಗಸರೂ ಇಲ್ಲಿನ ಉಮ್ ಜೂನಿ ಎಂಬ ಜಾಗದಲ್ಲಿ ಮೇಲ್ವಿಚಾರಕನಿಲ್ಲದೆ, ಸಂಬಳವಿಲ್ಲದೆ, ಒಂದೇ ಗಂಟಿನಿಂದ ಬದುಕುವ ಒಪ್ಪಂದಕ್ಕೆ ಬಂದರು. ಪಕ್ಕದ ಕಿನ್ನೆರೆತ್ ತೋಟದಲ್ಲಿ ಕೆಲಸಗಾರರಿಗೂ ಮೇಲ್ವಿಚಾರಕನಿಗೂ ಎದ್ದಿದ್ದ ಜಗಳವೇ ಈ ಪ್ರಯೋಗಕ್ಕೆ ದಾರಿಮಾಡಿಕೊಟ್ಟಿತು ಎಂಬುದು ನನಗೆ ಹೊಸ ಸಂಗತಿ. ಸಿದ್ಧಾಂತಕ್ಕಿಂತ ಮೊದಲು ಬೇಸರ ಹುಟ್ಟಿತ್ತು ಎಂದಾಯಿತು.

ಕಲ್ಲಿನ ಹಳೆಯ ಕಟ್ಟಡಗಳ ಅಂಗಳವನ್ನೂ, 1948ರ ಕದನದಲ್ಲಿ ಇಲ್ಲಿಯೇ ನಿಂತುಹೋದ ಸಿರಿಯಾದ ಪುಟ್ಟ ಟ್ಯಾಂಕನ್ನೂ ನೋಡಿದೆವು. ಟ್ಯಾಂಕಿನೆದುರು ಎಲ್ಲರೂ ಫೋಟೋ ತೆಗೆಸಿಕೊಂಡರು. ನಾನು ಮಾತ್ರ ಮಾರ್ಗದರ್ಶಿಯ ಬೆನ್ನು ಬಿಡಲಿಲ್ಲ. ಎಪ್ಪತ್ತು ದಾಟಿದ ಆಕೆ ಬೇರೊಂದು ಕಿಬ್ಬುಟ್ಸ್‌ನಲ್ಲಿ ಹುಟ್ಟಿ ಬೆಳೆದವರು. ಚೀಲದಿಂದ ಒಂದು ಮಾಸಿದ ನೀಲಿ ಅಂಗಿಯನ್ನು ತೆಗೆದು, ಕೊರಳಪಟ್ಟಿಯ ಒಳಬದಿಯಲ್ಲಿ ಕೆಂಪು ದಾರದಿಂದ ಹೊಲಿದಿದ್ದ ಸಂಖ್ಯೆಯನ್ನು ತೋರಿಸಿದರು. ಇಡೀ ಊರಿನ ಬಟ್ಟೆ ಒಂದೇ ಕಡೆ ಒಗೆತಕ್ಕೆ ಬೀಳುತ್ತಿದ್ದುದರಿಂದ ಪ್ರತಿಯೊಬ್ಬರಿಗೂ ಒಂದು ಸಂಖ್ಯೆ ಇತ್ತಂತೆ. ಅವರ ಊರಿನಲ್ಲಿ ಮಕ್ಕಳು ರಾತ್ರಿ ಮಲಗುತ್ತಿದ್ದುದು ತಂದೆತಾಯಿಯ ಬಳಿ ಅಲ್ಲ, ಮಕ್ಕಳ ಮನೆಯಲ್ಲಿ. ಕೆಟ್ಟ ಕನಸು ಬಿದ್ದರೆ ಪಾಳಿಯ ಮೇಲಿದ್ದ ಹೆಂಗಸು ಬರುವ ತನಕ ಕಾಯಬೇಕಿತ್ತು. ‘ಒಳ್ಳೆಯದಾಗಿತ್ತೆ?’ ಎಂದು ಕೇಳಿದೆ. ‘ಹಗಲು ಒಳ್ಳೆಯದಾಗಿತ್ತು’ ಎಂದರು.

ಮುಂದಿನ ಕಥೆಯನ್ನೂ ಅವರು ಮುಚ್ಚಿಡಲಿಲ್ಲ. 1980ರ ದಶಕದ ಹಣದುಬ್ಬರ ಮತ್ತು ಬಡ್ಡಿಯ ಹೊರೆಯಿಂದ ಬಹಳಷ್ಟು ಕಿಬ್ಬುಟ್ಸ್‌ಗಳು ಸಾಲದಲ್ಲಿ ಮುಳುಗಿದ್ದನ್ನೂ, ಕೊನೆಗೆ 2007ರಲ್ಲಿ ದೆಗಾನ್ಯಾದ ಸದಸ್ಯರೇ ಮತ ಹಾಕಿ, ದುಡಿದವರ ಸಂಬಳ ಅವರವರಿಗೇ ಸೇರುವಂತೆಯೂ ಅಶಕ್ತರ ನೆರವಿಗೆ ಅದರಲ್ಲೊಂದು ಪಾಲು ತೆರಿಗೆಯಾಗಿ ಕಳೆಯುವಂತೆಯೂ ನಿಯಮ ಬದಲಿಸಿದ್ದನ್ನೂ ಬಿಡಿಸಿ ಹೇಳಿದರು. ಸುಮಾರು 270 ಕಿಬ್ಬುಟ್ಸ್‌ಗಳಲ್ಲಿ ಬಹುಪಾಲು ಇಂದು ಇಂಥದೇ ದಾರಿ ಹಿಡಿದಿವೆ.

ಇನ್ನು ದೂರು. ಮಣ್ಣಿನಲ್ಲಿ ದುಡಿಯುವುದೇ ಮನುಷ್ಯನಿಗೆ ಮದ್ದು ಎಂದು ಬೋಧಿಸಿ, ತಾನೂ ನಲವತ್ತೆಂಟರ ವಯಸ್ಸಿನಲ್ಲಿ ಗುದ್ದಲಿ ಹಿಡಿದು, 1922ರಲ್ಲಿ ದೆಗಾನ್ಯಾದಲ್ಲಿಯೇ ತೀರಿಕೊಂಡ ಎ. ಡಿ. ಗಾರ್ಡನ್ ಅವರ ಹೆಸರಿನ ಸಂಗ್ರಹಾಲಯಕ್ಕೆ ನಮಗೆ ಸಿಕ್ಕಿದ್ದು ಹದಿನೈದೇ ನಿಮಿಷ. ಹತ್ತಿರದ ಕಿನ್ನೆರೆತ್ ಸ್ಮಶಾನದಲ್ಲಿರುವ ಕವಯಿತ್ರಿ ರಾಹೇಲ್ ಅವರ ಸಮಾಧಿ ಕಾರ್ಯಕ್ರಮ ಪಟ್ಟಿಯಲ್ಲಿದ್ದರೂ ಬಸ್ಸು ಅಲ್ಲಿ ನಿಲ್ಲಲೇ ಇಲ್ಲ. ಉಳಿತಾಯವಾದ ಹೊತ್ತನ್ನೆಲ್ಲ ಹೆದ್ದಾರಿ ಬದಿಯ ಒಂದು ಅಂಗಡಿಯಲ್ಲಿ ಖರ್ಜೂರದ ಡಬ್ಬಿಗಳ ನಡುವೆ ಕಳೆಸಿದರು. ‘ಸಾಮೂಹಿಕ ಊಟ’ ಎಂದು ಕರೆದದ್ದೂ ತಟ್ಟೆಯನ್ನು ತೂಗಿ ಹಣ ಪಡೆಯುವ ಊಟವೇ. ಆದರೂ ಬದನೆಕಾಯಿ ಪಲ್ಯದಂಥದ್ದೊಂದು ರುಚಿಯಾಗಿತ್ತು ಎನ್ನದಿದ್ದರೆ ಅನ್ಯಾಯವಾದೀತು.

ಹೋಗುವವರು ಕಾದಿರಿಸುವಾಗ ಕಿಬ್ಬುಟ್ಸ್‌ನಲ್ಲಿ ಬೆಳೆದ ಮಾರ್ಗದರ್ಶಿಯೇ ಬೇಕೆಂದು ಕೇಳಿರಿ. ಈ ಕಣಿವೆ ಸಮುದ್ರಮಟ್ಟಕ್ಕಿಂತ ಸುಮಾರು 200 ಮೀಟರ್ ಕೆಳಗಿರುವುದರಿಂದ ಬೇಸಿಗೆಯ ಸೆಕೆ ಮಂಗಳೂರಿನದನ್ನೂ ಮೀರಿಸುತ್ತದೆ; ನೀರಿನ ಬಾಟಲಿ ಎರಡಿರಲಿ.