ಲ್ಯಾಬ್ರಡಾರಾ, ಸಿಲೋಸೋನಾ? ಎರಡೂ ಸುತ್ತಿ ಬಂದ ಮೇಲೆ

ಅಮ್ಮ ಸಿಂಗಪುರಕ್ಕೆ ಬಂದಿದ್ದಾಗ ಒಂದೇ ವಾರದಲ್ಲಿ ಎರಡು ಕಡಲ ಕೋಟೆ ನೋಡಿದೆವು. ಒಂದು ಲ್ಯಾಬ್ರಡಾರ್ ಕಾಡಿನೊಳಗಿನದು, ಇನ್ನೊಂದು ಸೆಂಟೋಸಾ ದ್ವೀಪದ ಸಿಲೋಸೋ. ಎರಡೂ ಎದುರುಬದುರು, ನಡುವೆ ಹಡಗಿನ ದಾರಿ. ಕೆಪ್ಪೆಲ್ ಬಂದರಿನ ಪಶ್ಚಿಮದ ಬಾಯಿ ಕಾಯಲು ಬ್ರಿಟಿಷರು 19ನೇ ಶತಮಾನದಲ್ಲಿ ಕಟ್ಟಿದ್ದು. ಎರಡಕ್ಕೂ ಟಿಕೆಟ್ ಇಲ್ಲ. ಕೋಟೆ ಅಂದರೆ ಚಿತ್ರದುರ್ಗದ ಏಳು ಸುತ್ತು ಎಂದುಕೊಂಡಿದ್ದ ಅಮ್ಮನಿಗೆ ಸಿಕ್ಕಿದ್ದು ಗುಡ್ಡದ ಹೊಟ್ಟೆಯಲ್ಲಿ ಬಚ್ಚಿಟ್ಟ ಕಾಂಕ್ರೀಟ್ ಗೂಡುಗಳು.

ಲ್ಯಾಬ್ರಡಾರ್‌ಗೆ ಮೆಟ್ರೋ ಇಳಿದ ಕೂಡಲೇ ನಡಿಗೆ ಶುರು. ಬರ್ಲೇಯರ್ ತೊರೆಯ ಪಕ್ಕ ಮರದ ಹಲಗೆ ದಾರಿ, ಎರಡೂ ಕಡೆ ಕಾಂಡ್ಲಾ ಗಿಡಗಳು. ನಮ್ಮ ಕುಮಟಾ ಕಡೆಯ ಹಿನ್ನೀರೇ ನೆನಪಾಯಿತು. ಆಮೇಲೆ ಕಡಲು, ಗುಡ್ಡ, 6 ಇಂಚು ಬಾಯಿಯ ಒಂದು ತೋಪು. ಸುರಂಗದ ಬಾಗಿಲು ಮುಚ್ಚಿತ್ತು, ಅದೊಂದು ಬೇಜಾರು. ದಡದಲ್ಲಿ 'ಡ್ರಾಗನ್ ಹಲ್ಲು' ಎಂಬ ಬಂಡೆ ನಿಂತಿದೆ. ಅದು ನಕಲು. ನಾವಿಕರಿಗೆ ಗುರುತಾಗಿದ್ದ ಅಸಲಿ ಬಂಡೆಯನ್ನು ಹಡಗಿಗೆ ದಾರಿ ಅಗಲ ಮಾಡಲು 1848ರಲ್ಲೇ ಸಿಡಿಸಿಬಿಟ್ಟರು. ಇಲ್ಲಿ ಜನ ಕಡಿಮೆ, ಸೊಳ್ಳೆ ಜಾಸ್ತಿ. ಚಪ್ಪಲಿ ಹಾಕಿಕೊಂಡು ಹೋಗಿ ಮೆಟ್ಟಿಲ ಮೇಲೆ ಜಾರಿದ್ದು ನನ್ನದೇ ಪೆದ್ದುತನ.

ಸಿಲೋಸೋದಲ್ಲಿ ಹುಡುಕುವ ಕೆಲಸವೇ ಇಲ್ಲ, ಎಲ್ಲವನ್ನೂ ಜೋಡಿಸಿಟ್ಟಿದ್ದಾರೆ. ಲಿಫ್ಟ್ ಹತ್ತಿದರೆ ಹನ್ನೊಂದು ಮಹಡಿ ಎತ್ತರದಲ್ಲಿ 181 ಮೀಟರ್ ಉದ್ದದ ಸೇತುವೆ, ಮರಗಳ ತಲೆಯ ಮೇಲೇ ನಡೆಯಬಹುದು. ಮುಂದೆ ಸಾಲು ತೋಪುಗಳು, ಒಳಗೆ ಹೋಗಿ ನೋಡಬಹುದಾದ ಸುರಂಗಗಳು. ಶರಣಾಗತಿಯ ಕೋಣೆಯ ಮೇಣದ ಗೊಂಬೆಗಳ ಮುಂದೆ ಅಮ್ಮ ತುಂಬಾ ಹೊತ್ತು ನಿಂತರು. ಒಂದು ಕಡೆ 1942ರ ಫೆಬ್ರವರಿಯಲ್ಲಿ ಬ್ರಿಟಿಷರು ಜಪಾನಿಗೆ ತಲೆಬಾಗಿದ್ದು, ಇನ್ನೊಂದು ಕಡೆ 1945ರ ಸೆಪ್ಟೆಂಬರ್‌ನಲ್ಲಿ ಜಪಾನ್ ತಲೆಬಾಗಿದ್ದು.

'ಇಷ್ಟೆಲ್ಲಾ ತೋಪು ಇಟ್ಟುಕೊಂಡೂ ಬ್ರಿಟಿಷರು ಸೋತರಲ್ಲಾ?' ಎಂದರು ಅಮ್ಮ. ನ್ಯಾಯವಾದ ಪ್ರಶ್ನೆ ಅಲ್ವಾ? ಶತ್ರು ಕಡಲಿಂದ ಬರುತ್ತಾನೆ ಅಂತ ಕಾದರು, ಜಪಾನಿನ ಸೈನ್ಯ ಮಲಯಾದ ನೆಲದ ಮೇಲೆ ಇಳಿದು ಉತ್ತರದಿಂದ ಬಂತು. ತೋಪುಗಳನ್ನು ತಿರುಗಿಸಲೇ ಆಗಲಿಲ್ಲ ಅನ್ನುವುದು ಸುಮ್ನೆ ಕಟ್ಟಿದ ಕತೆ. ಕೆಲವನ್ನು ತಿರುಗಿಸಿ ಹೊಡೆದರು. ಆದರೆ ಗುಂಡುಗಳಲ್ಲಿ ಹೆಚ್ಚಿನವು ಹಡಗಿನ ಉಕ್ಕು ಸೀಳಲು ಮಾಡಿದವು. ಬಯಲಲ್ಲಿ ಚದುರಿದ ಸೈನಿಕರ ಮೇಲೆ ಅವುಗಳ ಆಟ ನಡೆಯಲಿಲ್ಲ.

ಈ ಕತೆ ಅರ್ಥವಾಗಬೇಕಾದರೆ ಸಿಲೋಸೋ. ಆದರೆ ಬೀಚಿನ ಗದ್ದಲ, ರಜೆಯ ನೂಕುನುಗ್ಗಲು ದಾಟಿಯೇ ಅಲ್ಲಿಗೆ ಹೋಗಬೇಕು. ನನಗೆ ಇನ್ನೊಮ್ಮೆ ಹೋಗಬೇಕು ಅನಿಸಿದ್ದು ಲ್ಯಾಬ್ರಡಾರ್‌ಗೆ, ಅದೂ ಬೆಳಗ್ಗೆ ಏಳಕ್ಕೆ, ಶೂ ಹಾಕಿಕೊಂಡು.

ಅಮ್ಮನ ಓಟು ಸಿಲೋಸೋಗೆ. ಲಿಫ್ಟ್ ಇದೆಯಲ್ಲ.