ಗುದ್ದು ಬೇರೆ, ಉಜ್ಜು ಬೇರೆ: ಜಿಮ್ನಿಯ ಹೊಟ್ಟೆಗೆ ಯಾವ ಪ್ಲೇಟು?

ಮೊದಲೇ ಹೇಳಿಬಿಡುತ್ತೇನೆ. ಮಾರುತಿ ಸುಜುಕಿಯ ಐದು ಬಾಗಿಲಿನ ಜಿಮ್ನಿಯ ಅಡಿಗೆ, ಕಲ್ಲು ಬಂಡೆಯಿಂದ ಕಾಯುವ ಗಾರ್ಡ್ ಪ್ಲೇಟುಗಳನ್ನು ಮುಂದಿನಿಂದ ಹಿಂದಿನವರೆಗೆ ಒಂದೇ ಲೋಹದಲ್ಲಿ ಹಾಕಿಸುವುದು ದುಡ್ಡು ದಂಡ. ಮೈಲ್ಡ್ ಸ್ಟೀಲ್ (ಎಂಎಸ್, ಅಂದರೆ ಸಾದಾ ಉಕ್ಕು), ಅಲ್ಯೂಮಿನಿಯಂ, ಸ್ಟೇನ್‌ಲೆಸ್, ಕೊನೆಗೆ ಇಂಜಿನಿಯರಿಂಗ್ ಪ್ಲಾಸ್ಟಿಕ್ಕು, ಈ ನಾಲ್ಕನ್ನೂ ನನ್ನ ಗಾಡಿಗೂ ಜೊತೆಗೆ ಓಡಾಡುವ ಗೆಳೆಯರ ಗಾಡಿಗಳಿಗೂ ಹಾಕಿ, ಬಿಚ್ಚಿ, ಅದಲುಬದಲು ಮಾಡಿ ನೋಡಿದ್ದೇವೆ. ಸಕಲೇಶಪುರ, ಸೋಮವಾರಪೇಟೆ ಕಡೆಯ ಕಾಫಿ ತೋಟಗಳ ಕೆಸರು ದಾರಿ ಮತ್ತು ಹಳ್ಳದ ಬಂಡೆಗಳು ಒಂದು ಬಗೆ. ರಾಮನಗರದ ಒರಟು ಗ್ರಾನೈಟ್ ಇನ್ನೊಂದು ಬಗೆ. ನಾಲ್ಕೂ ಪ್ಲೇಟುಗಳು ಒಂದಲ್ಲ ಒಂದು ಕಡೆ ಗೆದ್ದವು, ಇನ್ನೊಂದು ಕಡೆ ಮುಗ್ಗರಿಸಿದವು. 'ಯಾವುದು ಗಟ್ಟಿ ಸಾರ್?' ಎಂದು ಕೇಳುವವರಿಗೆ ನಾನು ತಿರುಗಿಸಿ ಕೇಳುವುದು ಒಂದೇ: ಆ ಜಾಗಕ್ಕೆ ಬೀಳುವುದು ಗುದ್ದೋ, ಉಜ್ಜೋ?

ನಮ್ಮ ಗ್ಯಾರೇಜುಗಳಲ್ಲಿ ಗಾರ್ಡ್ ಎಂದೊಡನೆ ಎಲ್ಲರ ಬಾಯಿಗೆ ಬರುವುದು ಚೇಂಬರ್ ಗಾರ್ಡ್. ಇಂಜಿನ್ ಆಯಿಲ್ ನಿಂತಿರುವ ಚೇಂಬರ್ ಒಡೆದರೆ ಗಾಡಿ ಅಲ್ಲೇ ನಿಲ್ಲುತ್ತದೆ, ಆ ಭಯ ಸಹಜ. ಮಾಮೂಲಿ ಕಾರಿಗೆ ಈ ಲೆಕ್ಕ ಸರಿ. ಜಿಮ್ನಿಗೆ ಮುಂದೆಯೂ ಹಿಂದೆಯೂ ಎಡ ಬಲ ಚಕ್ರಗಳನ್ನು ಸೇರಿಸುವ ಇಡಿಯಾದ ಆ್ಯಕ್ಸಲ್ ಇದೆ. ಎದುರಿಗೆ ಬಂದ ಕಲ್ಲು ಸ್ಟೀರಿಂಗ್ ರಾಡುಗಳನ್ನೋ ಆ್ಯಕ್ಸಲಿನ ಮೇಲೆ ಗೇರುಗಳಿರುವ ಡಿಫರೆನ್ಷಿಯಲ್ ಹೌಸಿಂಗನ್ನೋ ಮುಟ್ಟಿ ದಾಟಿಯೇ ಚೇಂಬರಿನವರೆಗೆ ಬರಬೇಕು. ಏಟು ತಿನ್ನುವುದು ಹೆಚ್ಚಾಗಿ ನಡುಹೊಟ್ಟೆ. ಹೊರದೇಶಗಳಲ್ಲಿ ಓಡುವ ಮೂರು ಬಾಗಿಲಿನ ಜಿಮ್ನಿಯ ವೀಲ್‌ಬೇಸ್ 2250 ಮಿ.ಮೀ.; 2023ರಲ್ಲಿ ನಮ್ಮ ಮಾರುಕಟ್ಟೆಗೆ ಬಂದ ಐದು ಬಾಗಿಲಿನದ್ದು 2590. ಚಕ್ರಗಳ ನಡುವೆ 340 ಮಿ.ಮೀ. ಹೆಚ್ಚಾಗಿದ್ದಕ್ಕೆ ದಿಬ್ಬದ ನೆತ್ತಿ ದಾಟುವ ಕೋನ 28 ಡಿಗ್ರಿಯಿಂದ 24ಕ್ಕೆ ಇಳಿದಿದೆ. ಹಿಂದಿನ ಸೀಟಿನವರ ಕಾಲಿಗೆ ಸಿಕ್ಕ ಜಾಗದ ಬೆಲೆಯನ್ನು ಗಾಡಿಯ ಹೊಟ್ಟೆ ತೆರುತ್ತದೆ. ಅದೇ ಹೊಟ್ಟೆಯಲ್ಲಿ, ಇಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಆ್ಯಕ್ಸಲುಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸ್ ಇದೆ. ಈ ಗಾಡಿಯಲ್ಲಿ ಅದು ಗೇರ್‌ಬಾಕ್ಸಿನ ಬೆನ್ನಿಗೆ ಅಂಟಿಲ್ಲ. ಒಂದು ಗಿಡ್ಡ ಶಾಫ್ಟಿನಾಚೆ ಪ್ರತ್ಯೇಕವಾಗಿ ರಬ್ಬರ್ ಬುಷ್‌ಗಳ ಮೇಲೆ ಕೂತಿದೆ. ಕೆಳಗಿನಿಂದ ಬಲವಾಗಿ ಬಡಿದರೆ ಕೇಸ್ ಒಡೆಯದಿದ್ದರೂ ಬುಷ್ಷುಗಳ ಗತಿ ಕೆಡುತ್ತದೆ, ಆಮೇಲೆ ಗಾಡಿಯಿಡೀ ನಡುಕ.

ಇನ್ನು ತೂಕ. 'ಎಂಟು ಎಂಎಂ ಹಾಕ್ಬಿಡಿ ಸಾರ್, ಯಾವ ಬಂಡೆಗೂ ಜಗ್ಗಲ್ಲ' ಎಂದರು ಪೀಣ್ಯದ ಒಬ್ಬ ಫ್ಯಾಬ್ರಿಕೇಟರ್. ಜಗ್ಗುವುದಿಲ್ಲ, ನಿಜ. ಆದರೆ ಉಕ್ಕು ಒಂದು ಚದರ ಮೀಟರಿಗೆ, ಪ್ರತಿ ಮಿಲಿಮೀಟರ್ ದಪ್ಪಕ್ಕೆ 7.85 ಕೆ.ಜಿ. ತೂಗುತ್ತದೆ. ಚೇಂಬರ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಪೆಟ್ರೋಲ್ ಟ್ಯಾಂಕ್ ಎಲ್ಲವನ್ನೂ ಮುಚ್ಚಲು ಮಡಿಕೆಗಳೂ ಸೇರಿ ಎರಡು ಚದರ ಮೀಟರ್ ಎಂದುಕೊಳ್ಳಿ. 4 ಮಿ.ಮೀ. ಉಕ್ಕಿನಲ್ಲೇ ಅದು 63 ಕೆ.ಜಿ. ಆಗುತ್ತದೆ, ಎಂಟಕ್ಕೆ ಹೋದರೆ 126. ಜಿಮ್ನಿಯ ಸ್ವಂತ ತೂಕ ಸುಮಾರು 1200 ಕೆ.ಜಿ., ಹೊರೆ ಸೇರಿ ಅನುಮತಿ ಇರುವುದು 1545ಕ್ಕೆ. ಆ 340 ಚಿಲ್ಲರೆ ಕಿಲೋದಲ್ಲಿ ನಾಲ್ಕು ಜನ, ಟೆಂಟು, ನೀರಿನ ಕ್ಯಾನು, ವಿಂಚು ಎಲ್ಲ ಬರಬೇಕು. 105 ಪಿ.ಎಸ್. ಆಸುಪಾಸಿನ ಪೆಟ್ರೋಲ್ ಇಂಜಿನ್ನು ಏರಿನಲ್ಲಿ ಮೊದಲೇ ಏದುಸಿರು ಬಿಡುತ್ತದೆ. ಅಡಿಯಲ್ಲಿ ಇಬ್ಬರು ಆಳುಗಳ ತೂಕ ಕಟ್ಟಿಕೊಂಡು ಹತ್ತು ಎಂದರೆ ಅದರ ತಪ್ಪೇನು?

ಅಲ್ಯೂಮಿನಿಯಂ ಇಲ್ಲಿ ಮೆರೆಯುತ್ತದೆ. 6 ಮಿ.ಮೀ. ಹಾಳೆ ಚದರ ಮೀಟರಿಗೆ 16.2 ಕೆ.ಜಿ. ಅಷ್ಟೇ, 3 ಮಿ.ಮೀ. ಉಕ್ಕೇ 23.5 ಇದೆ. ಲೋಹವಾಗಿ ಅಲ್ಯೂಮಿನಿಯಂನ ಬಿಗಿ ಉಕ್ಕಿನ ಮೂರನೇ ಒಂದರಷ್ಟು ಮಾತ್ರ. ಆದರೆ ಹಾಳೆ ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, ದಪ್ಪ ಇಮ್ಮಡಿಯಾದರೆ ಬಿಗಿ ಎಂಟು ಪಟ್ಟು. ಹಾಗಾಗಿ 6 ಮಿ.ಮೀ. ಅಲ್ಯೂಮಿನಿಯಂ 3 ಮಿ.ಮೀ. ಉಕ್ಕಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಬಿಗಿ, 4 ಮಿ.ಮೀ. ಉಕ್ಕಿಗಿಂತಲೂ ಒಂದು ಕೈ ಮೇಲೆ. ಮುಂದಿನ ಪ್ಲೇಟಿಗೆ ನೆಟ್ಟಗೆ ಗುದ್ದು ಬೀಳುತ್ತದಲ್ಲ, ಅಲ್ಲಿ ಬೇಕಾದ ಗುಣ ಇದೇ. 3 ಮಿ.ಮೀ. ಸ್ಟೀಲಿನ ಚೇಂಬರ್ ಗಾರ್ಡ್ ಹಾಕಿದ್ದ ಗೆಳೆಯನ ಗಾಡಿಯಲ್ಲಿ ರಾಮನಗರದ ಒಂದು ಮೆಟ್ಟಿಲುಗಲ್ಲಿನಿಂದ ಇಳಿಯುವಾಗ ಪ್ಲೇಟು ಒಳಗೆ ತಗ್ಗಿ ಚೇಂಬರಿಗೆ ಬೆರಳಷ್ಟು ಅಂತರ ಉಳಿದಿತ್ತು. ಅದೇ ಕಲ್ಲಿನ ಮೇಲೆ ಇಳಿದ ನನ್ನ ಅಲ್ಯೂಮಿನಿಯಂ ಪ್ಲೇಟಿನಲ್ಲಿ ಒಂದು ಗಾಯ ಇತ್ತು, ತಗ್ಗು ಇರಲಿಲ್ಲ.

ಆದರೆ ಯಾವ ಅಲ್ಯೂಮಿನಿಯಂ? ಅಂಗಡಿಯಲ್ಲಿ ಬರೀ 'ಅಲ್ಯೂಮಿನಿಯಂ ಶೀಟ್' ಎಂದರೆ ಮೆತ್ತನೆಯ ಸಾದಾ ಹಾಳೆ ಕೊಟ್ಟುಬಿಡುತ್ತಾರೆ. 5052 ಎಂದು ಗ್ರೇಡ್ ಹೇಳಿಯೇ ಕೇಳಬೇಕು. ಅದರಲ್ಲಿ ಮೆಗ್ನೀಸಿಯಂ ಇದೆ, ತುಕ್ಕಿಗೆ ಜಗ್ಗುವುದಿಲ್ಲ, ಬೆಂಡಿಂಗ್ ಮಷಿನ್ನಿನಲ್ಲಿ ಹೇಳಿದ ಮಾತು ಕೇಳುತ್ತದೆ. 6061-ಟಿ6 ಅದಕ್ಕಿಂತ ಬಲಶಾಲಿ ಎಂದು ಹೇಳಿ ಮಾರುವವರಿದ್ದಾರೆ, ಸುಳ್ಳಲ್ಲ. ಆದರೆ ಕಿರಿದಾಗಿ ಮಡಿಸಿದರೆ ಮಡಿಕೆಯಲ್ಲಿ ಸೀಳು ಬಿಡುತ್ತದೆ, ವೆಲ್ಡಿಂಗ್ ಮಾಡಿದ ಜಾಗದಲ್ಲಿ ಆ ಬಲವೂ ಹೋಗುತ್ತದೆ. ಇನ್ನು ಬಸ್ಸಿನ ಫುಟ್‌ಬೋರ್ಡಿಗೆ ಹಾಕುವ ಚೆಕರ್ಡ್ ಪ್ಲೇಟು. ನೋಡಲು ಚೆಂದ, ಫೋಟೋಕ್ಕೆ ಇನ್ನೂ ಚೆಂದ. ಅದರ ಉಬ್ಬುಗಳು ಬಂಡೆಯನ್ನು ಕಚ್ಚಿ ಹಿಡಿಯುತ್ತವೆ. ದಯವಿಟ್ಟು ಬೇಡ.

ಉಜ್ಜಿನ ವಿಷಯಕ್ಕೆ ಬಂದರೆ ಆಟ ತಿರುಗುತ್ತದೆ. ಸಕಲೇಶಪುರದ ಬಳಿ ಒಂದು ಖಾಸಗಿ ತೋಟದ ಹಳ್ಳದಲ್ಲಿ ಆನೆಬೆನ್ನಿನ ಬಂಡೆಯೊಂದಿದೆ. ದಾಟುವ ಯಾವ ಗಾಡಿಯೂ ಅದರ ಮೇಲೆ ಹೊಟ್ಟೆ ಎಳೆಯದೆ ಹೋಗುವಂತಿಲ್ಲ. ಎರಡು ಜಿಮ್ನಿ, ಎರಡಕ್ಕೂ ಫೋರ್ ಲೋ (ನಾಲ್ಕೂ ಚಕ್ರಕ್ಕೆ ಬಲ ಕೊಡುವ ನಿಧಾನದ ಗೇರು), ಒಂದೇ ಸಾಲು. ಟ್ರಾನ್ಸ್‌ಫರ್ ಕೇಸ್ ಅಡಿಗೆ ಒಂದರಲ್ಲಿ 4 ಮಿ.ಮೀ. ಮೈಲ್ಡ್ ಸ್ಟೀಲ್, ಇನ್ನೊಂದರಲ್ಲಿ 6 ಮಿ.ಮೀ. ಅಲ್ಯೂಮಿನಿಯಂ. ಸ್ಟೀಲಿನ ಗಾಡಿ ಕಿರ್ರೆಂದು ಕೂಗಿಕೊಂಡು ಜಾರಿ ಹೋಯಿತು. ಅಲ್ಯೂಮಿನಿಯಂ ಗಾಡಿ ಅರ್ಧ ದಾರಿಯಲ್ಲಿ ಕಚ್ಚಿಕೊಂಡು ನಿಂತು, ಹಿಂದಿನ ಚಕ್ರಗಳು ನೀರು ಚಿಮ್ಮಿಸತೊಡಗಿದವು. ಹಗ್ಗ ಹಾಕಿ ಎಳೆಯಬೇಕಾಯಿತು. ಆಮೇಲೆ ಅಡಿಯಲ್ಲಿ ಮಲಗಿ ಟಾರ್ಚ್ ಬಿಟ್ಟು ನೋಡಿದರೆ ಕಾರಣ ಕಣ್ಣೆದುರೇ ಇತ್ತು. ಸ್ಟೀಲಿನ ಮೇಲೆ ಪೇಂಟು ಕಿತ್ತು ಬೆಳ್ಳಗೆ ಹೊಳೆಯುವ ಅಗಲದ ಪಟ್ಟೆ, ಬೆರಳಾಡಿಸಿದರೆ ನುಣುಪು. ಅಲ್ಯೂಮಿನಿಯಂನಲ್ಲಿ ಉಗುರು ಇಳಿಯುವಷ್ಟು ಆಳದ ಗೀರುಗಳು, ಪ್ರತಿ ಗೀರಿನ ತುದಿಯಲ್ಲೂ ಸುರುಳಿ ಸುತ್ತಿಕೊಂಡ ಲೋಹದ ಸಿಪ್ಪೆ. ಅದರ ನಡುವೆ ಬಂಡೆಯ ಹರಳುಗಳು ಹಾಗೇ ನೆಟ್ಟುಕೊಂಡಿದ್ದವು. ಮೆತ್ತನೆಯ ಲೋಹದೊಳಗೆ ಕಲ್ಲು ಇಳಿಯುತ್ತದೆ, ಇಳಿದ ಮೇಲೆ ಬಿಡುವುದಿಲ್ಲ. ಗಾಡಿಯ ತೂಕವೆಲ್ಲ ಹೊಟ್ಟೆಯ ಮೇಲೆ ಕೂತಾಗ ಈ ಹಿಡಿತವೇ ಸಾಕು ಸಿಕ್ಕಿಬೀಳಲು.

ಜಾರುವುದೇ ಮುಖ್ಯವಾದರೆ ಪ್ಲಾಸ್ಟಿಕ್ಕಿಗೆ ಸಾಟಿಯಿಲ್ಲ. ಯುಎಚ್‌ಎಂಡಬ್ಲ್ಯು ಪಾಲಿಎಥಿಲೀನ್ ಎಂದು ಇದರ ಹೆಸರು. ಕಾರ್ಖಾನೆಗಳಲ್ಲಿ ಅದಿರು, ಧಾನ್ಯ ಸುರಿಯುವ ತೊಟ್ಟಿಗಳ ಒಳಮೈಗೆ ಹೊದಿಸುತ್ತಾರೆ. ರ‍್ಯಾಲಿ ಕಾರುಗಳ ಲೋಹದ ಪ್ಲೇಟಿನ ಕೆಳಗೂ ಇದರ ಪದರ ಹಾಕುವ ರೂಢಿ ಇದೆ. 12 ಮಿ.ಮೀ. ದಪ್ಪದ್ದು ಚದರ ಮೀಟರಿಗೆ 11 ಕೆ.ಜಿ. ಚಿಲ್ಲರೆ. ಅದೇ ಬಂಡೆಯ ಮೇಲೆ ಸದ್ದೇ ಇಲ್ಲದೆ ಜಾರಿತು. ಒಳಗೆ ಕೂತವರಿಗೆ ಹೊಟ್ಟೆ ತಾಗಿದ್ದೇ ಗೊತ್ತಾಗಲಿಲ್ಲ. ಆದರೆ ಅದರ ಬಿಗಿ ಲೋಹದ ಹತ್ತಿರಕ್ಕೂ ಬರುವುದಿಲ್ಲ, ಮೇಲೆ ಲೋಹದ ಆಸರೆ ಬೇಕೇ ಬೇಕು. ಎರಡನೆಯದು ಬಿಸಿ. 130 ಡಿಗ್ರಿ ದಾಟಿದರೆ ಕರಗುವ ವಸ್ತು ಅದು, ಅದಕ್ಕೂ ಬಹಳ ಮೊದಲೇ ಮೆತ್ತಗಾಗುತ್ತದೆ. ಸೈಲೆನ್ಸರ್ ಪೈಪಿನ ಪಕ್ಕಕ್ಕೆ ಬಂದಿದ್ದ ಅಂಚು ಒಂದೇ ಬೇಸಿಗೆಯಲ್ಲಿ ಅಲೆಅಲೆಯಾಗಿ ಸೊಟ್ಟಗಾಯಿತು. ಮೂರನೆಯದು ಹಿಗ್ಗುವಿಕೆ: ಮೀಟರ್ ಉದ್ದದ ಹಾಳೆ 30 ಡಿಗ್ರಿ ಬಿಸಿಯೇರಿದರೆ ನಾಲ್ಕೈದು ಮಿ.ಮೀ. ಉದ್ದವಾಗುತ್ತದೆ. ಉಕ್ಕಿನಲ್ಲಿ ಇದು ಅರ್ಧ ಮಿ.ಮೀ. ಕೂಡ ಇಲ್ಲ. ಬೋಲ್ಟಿನ ತೂತುಗಳನ್ನು ಉದ್ದುದ್ದವಾಗಿ ಕೊರೆಯದಿದ್ದರೆ ಹಾಳೆ ನಡುವೆ ಉಬ್ಬಿ ನಿಲ್ಲುತ್ತದೆ.

ಸ್ಟೇನ್‌ಲೆಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. 304 ಗ್ರೇಡ್ ತುಕ್ಕು ಹಿಡಿಯಲಿಲ್ಲ, ಚೆನ್ನಾಗಿಯೇ ಜಾರಿತು. ಆದರೆ ತೂಕ ಮಾಮೂಲಿ ಸ್ಟೀಲಿನಷ್ಟೇ, ಖರ್ಚು ಎಷ್ಟೋ ಪಟ್ಟು. ಡ್ರಿಲ್ ಹಾಕಿದಷ್ಟೂ ಗಟ್ಟಿಯಾಗುತ್ತಾ ಬಿಟ್ಟುಗಳನ್ನು ತಿನ್ನುತ್ತದೆ. ಕುಂದಾಪುರ, ಕಾರವಾರದ ಕಡೆ ಉಪ್ಪುಗಾಳಿಯಲ್ಲಿ ಗಾಡಿ ನಿಲ್ಲಿಸುವವರು ಯೋಚಿಸಬಹುದು. ಒಳನಾಡಿನವರಿಗೆ ಪೌಡರ್ ಕೋಟಿಂಗ್ ಮಾಡಿದ ಎಂಎಸ್ ಸಾಕು. ಕಿತ್ತುಹೋದ ಕಡೆ ಮಳೆಗಾಲಕ್ಕೆ ಮುಂಚೆ ಒಂದು ಕೈ ರೆಡ್ ಆಕ್ಸೈಡ್ ಬಳಿದರೆ ಆಯಿತು.

ಲೋಹದ ಚರ್ಚೆಯಲ್ಲಿ ಮುಳುಗಿ ಎಲ್ಲರೂ ಮರೆಯುವುದು ಕೆಸರನ್ನು. ಮಲೆನಾಡಿನ ಒಂದು ಜುಲೈ ಭಾನುವಾರ ಮುಗಿಸಿ ಬಂದು ಪ್ಲೇಟು ಬಿಚ್ಚಿ ನೋಡಿ: ಮೇಲೆ ಎರಡು ಮೂರು ಇಂಚು ಕೆಮ್ಮಣ್ಣು, ಅದರೊಳಗೆ ಕೊಳೆತ ಕಾಫಿ ಎಲೆ, ಸಿಲ್ವರ್ ಓಕ್ ಕಡ್ಡಿ, ಅದೃಷ್ಟವಿದ್ದರೆ ಒಂದೆರಡು ಜಿಗಣೆ. ಒದ್ದೆ ಮಣ್ಣಿನ ತೂಕದ ಎದುರು ಅಲ್ಯೂಮಿನಿಯಂನಲ್ಲಿ ಉಳಿಸಿದ ಕಿಲೋಗಳು ಲೆಕ್ಕಕ್ಕೇ ಇಲ್ಲ. ಹಾಗಾಗಿ ನೀರಿನ ಪೈಪು ಬಿಟ್ಟು ತೊಳೆಯಲು, ಕೆಸರು ಹೊರಬೀಳಲು ಅಗಲವಾದ ಕಿಂಡಿಗಳಿರುವ ಪ್ಲೇಟನ್ನೇ ಆರಿಸಿ. ಆಯಿಲ್ ಬದಲಿಸುವ ತೂತೂ ಸರಿಯಾದ ಜಾಗದಲ್ಲಿರಲಿ. ಇಲ್ಲದಿದ್ದರೆ ಪ್ರತಿ ಸರ್ವೀಸಿಗೂ ಪ್ಲೇಟು ಇಳಿಸಬೇಕು, ಮೆಕ್ಯಾನಿಕ್ ಗೊಣಗುತ್ತಾನೆ, ನಾಲ್ಕರಲ್ಲಿ ಎರಡೇ ಬೋಲ್ಟು ಹಾಕಿ ಕಳಿಸುತ್ತಾನೆ. ಬೇಸಿಗೆಯಲ್ಲಿ ಕೆಸರಿನ ಜಾಗಕ್ಕೆ ಒಣಹುಲ್ಲು ಬರುತ್ತದೆ. ಪ್ಲೇಟಿಗೂ ಸೈಲೆನ್ಸರಿಗೂ ನಡುವೆ ಸಿಕ್ಕಿಕೊಂಡ ಹುಲ್ಲು ಹೊತ್ತಿಕೊಳ್ಳಬಹುದು. ಫೆಬ್ರವರಿ, ಮಾರ್ಚಿನಲ್ಲಿ ಹುಲ್ಲುಗಾವಲಿನ ದಾರಿಯಲ್ಲಿ ಹೋಗುವವರು ನಡುನಡುವೆ ಬಗ್ಗಿ ನೋಡಲೇಬೇಕು.

ಅಲ್ಯೂಮಿನಿಯಂ ಪ್ಲೇಟಿಗೆ ಇದೇ ಕೆಸರು ಇನ್ನೊಂದು ಕಾಟ ಕೊಡುತ್ತದೆ. ಉಕ್ಕಿನ ಬೋಲ್ಟೂ ಅಲ್ಯೂಮಿನಿಯಮ್ಮೂ ಒದ್ದೆಯಲ್ಲಿ ಒಂದಕ್ಕೊಂದು ತಾಗಿಕೊಂಡಿದ್ದರೆ ಅಲ್ಯೂಮಿನಿಯಂ ಸವೆಯುತ್ತದೆ, ತೂತಿನ ಸುತ್ತ ಬಿಳಿ ಪುಡಿ ಕಟ್ಟುತ್ತದೆ. ನೈಲಾನ್ ವಾಷರ್ ಕೊಟ್ಟು, ಬೋಲ್ಟಿಗೆ ಗ್ರೀಸ್ ಸವರಿದರೆ ಬಹುಪಾಲು ನಿಲ್ಲುತ್ತದೆ. ಬೋಲ್ಟಿನ ತಲೆ ಪ್ಲೇಟಿನ ಮಟ್ಟಕ್ಕಿಂತ ಒಳಗೆ ಕೂತಿರಬೇಕು ಎಂಬುದು ನಾಲ್ಕೂ ಬಗೆಗೆ ಅನ್ವಯ. ಹೊರಗೆ ಚಾಚಿದ ತಲೆಯನ್ನು ಗ್ರಾನೈಟು ನಾಲ್ಕು ಸವಾರಿಯಲ್ಲಿ ಗುಂಡಗೆ ತೇಯ್ದುಬಿಡುತ್ತದೆ. ಆಮೇಲೆ ಸ್ಪ್ಯಾನರ್ ಹಿಡಿಯುವುದಿಲ್ಲ, ಉಳಿ ಸುತ್ತಿಗೆಯೇ ಗತಿ. ಪ್ಲೇಟುಗಳ ಜೋಡಣೆ ಹಂಚು ಹೊದಿಸಿದಂತೆ ಇರಲಿ: ಮುಂದಿನ ಪ್ಲೇಟಿನ ಹಿಂದಿನ ಅಂಚು ಅದರ ಹಿಂದಿರುವ ಪ್ಲೇಟಿನ ಕೆಳಗೆ ಬರಬೇಕು. ಉಲ್ಟಾ ಕೂರಿಸಿದರೆ ಪ್ರತಿ ಸಂದಿಯೂ ಕಲ್ಲನ್ನು ಹಿಡಿಯುವ ಬಾಯಿ. ಚಾಸಿಸ್‌ಗೆ ವೆಲ್ಡಿಂಗ್ ಮಾಡಲು ಮಾತ್ರ ಒಪ್ಪಬೇಡಿ. ಇರುವ ತೂತುಗಳಿಗೇ ಬ್ರಾಕೆಟ್ ಕೊಟ್ಟು ಬಿಗಿಯುವ ಸೆಟ್ ಸಿಗುತ್ತದೆ, ವಾರಂಟಿಯ ಜಗಳವೂ ಕಡಿಮೆ.

ಸದ್ಯ ನನ್ನ ಗಾಡಿಯಲ್ಲಿ ಇರುವುದು ಹೀಗೆ. ಚೇಂಬರ್ ಮತ್ತು ಗೇರ್‌ಬಾಕ್ಸಿಗೆ 6 ಮಿ.ಮೀ. 5052 ಅಲ್ಯೂಮಿನಿಯಂ, ಟ್ರಾನ್ಸ್‌ಫರ್ ಕೇಸಿಗೆ 4 ಮಿ.ಮೀ. ಎಂಎಸ್, ಟ್ಯಾಂಕಿಗೆ 3 ಮಿ.ಮೀ. ಎಂಎಸ್. ಡಿಫರೆನ್ಷಿಯಲ್‌ಗಳಿಗೆ ದಪ್ಪ ಉಕ್ಕಿನ ಸಣ್ಣ ಗಾರ್ಡ್ ಬೇರೆಯೇ ಇದೆ, ಏಕೆಂದರೆ ಚಾಸಿಸ್‌ಗೆ ಬಿಗಿದ ಯಾವ ಪ್ಲೇಟೂ ಆ್ಯಕ್ಸಲನ್ನು ಕಾಯುವುದಿಲ್ಲ, 210 ಮಿ.ಮೀ. ಗ್ರೌಂಡ್ ಕ್ಲಿಯರೆನ್ಸ್ ಎಂಬ ಲೆಕ್ಕ ಮುಗಿಯುವುದೂ ಅಲ್ಲೇ. ದುಡ್ಡು ಒಟ್ಟಿಗೆ ಇಲ್ಲದಿದ್ದರೆ ಟ್ರಾನ್ಸ್‌ಫರ್ ಕೇಸ್ ಮೊದಲು, ಡಿಫರೆನ್ಷಿಯಲ್ ಆಮೇಲೆ, ಚೇಂಬರ್ ಮೂರನೆಯದು. ವಾರಾಂತ್ಯಕ್ಕೆ ಹೋಂಸ್ಟೇ ದಾರಿಯ ಗುಂಡಿಗಳಷ್ಟೇ ನಿಮ್ಮ ಆಫ್‌ರೋಡ್ ಆದರೆ ಯಾವುದೂ ಬೇಡ, ಆ ದುಡ್ಡಿಗೆ ಒಳ್ಳೆಯ ಟೈರ್ ಹಾಕಿಸಿ.

ಮಹೀಂದ್ರ ಥಾರ್ ಇಟ್ಟುಕೊಂಡವರು ಈ ಕ್ರಮವನ್ನು ತಲೆಕೆಳಗು ಮಾಡಬೇಕು. 2020ರ ನಂತರದ ಥಾರ್‌ನಲ್ಲಿ ಮುಂದಿನ ಚಕ್ರಗಳಿಗೆ ಇಂಡಿಪೆಂಡೆಂಟ್ ಸಸ್ಪೆನ್ಶನ್, ಅಂದರೆ ಎಡ ಬಲ ಚಕ್ರಗಳು ಬೇರೆ ಬೇರೆಯಾಗಿ ಏರಿಳಿಯುತ್ತವೆ. ಗುಂಡಿಗೆ ಇಳಿದು ಸ್ಪ್ರಿಂಗ್ ಕುಗ್ಗಿದಾಗ ಚಕ್ರ ಮೇಲೇರಿ ಗಾಡಿಯ ಮೂತಿಯೇ ನೆಲಕ್ಕೆ ಬರುತ್ತದೆ, ಅಡ್ಡ ನಿಂತು ಏಟು ತಿನ್ನುವ ಆ್ಯಕ್ಸಲ್ ಅಲ್ಲಿಲ್ಲ. ಅವರಿಗೆ ಸ್ಟೀರಿಂಗ್ ಮತ್ತು ಚೇಂಬರಿನ ಪ್ಲೇಟೇ ಮೊದಲು, ಅದೂ ಗುದ್ದು ತಾಳುವಂಥದ್ದು. ಡೀಸೆಲ್ ಆದರೆ ಇನ್ನೊಂದು ಎಚ್ಚರಿಕೆ: ಬಿಎಸ್6 ಗಾಡಿಗಳ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಮಸಿ ಸುಟ್ಟುಕೊಳ್ಳುವಾಗ ಒಳಗೆ 550 ಡಿಗ್ರಿಗೂ ಮೇಲೆ ಬಿಸಿ ಇರುತ್ತದೆ, ಅದರ ಸುತ್ತಮುತ್ತ ಗಾಳಿಯಾಡಲು ಬಿಡದ ಪ್ಲೇಟನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ತರಬೇಡಿ.