ಹಂಕ್ಯೂ 1000: ಸೀಟಿಗೇ ಪೂರ್ತಿ ಮಾರ್ಕು

ಕುಂಬಳೆ–ಮಂಗಳೂರು ಸೀಸನ್ ಟಿಕೆಟಿನಲ್ಲೇ ಸರ್ವಿಸ್ ಮುಗಿಸಿದವನು ನಾನು. ಲೋಕಲ್ ಗಾಡಿ ಹತ್ತಿದರೆ ಕಣ್ಣು ಮೊದಲು ಹುಡುಕುವುದು ಒರಗಿ ನಿಲ್ಲಲಿಕ್ಕೆ ಮೂಲೆ ಎಲ್ಲುಂಟು ಅಂತ. ಮಗಳ ಮನೆಗೆಂದು ಜಪಾನಿನ ಒಸಾಕಕ್ಕೆ ಹೋದಾಗ ಹಂಕ್ಯೂ ಕಂಪನಿಯ 1000 ಸರಣಿಯ ರೈಲಿನಲ್ಲಿ ಕೋಬೆ ಕಡೆಗೆ ಓಡಾಡಿದೆ. ವೇಗ ಗೀಗ ಬಿಡಿ, ಮಾತಾಡಬೇಕಾದ್ದು ಸೀಟಿನ ಬಟ್ಟೆಯ ಬಗ್ಗೆ.

ಅಂಗೋರಾ ಆಡಿನ ಕೂದಲಿನ ಹಸಿರು ಬಟ್ಟೆ. ಅಂಗೈಯಲ್ಲಿ ಸವರಿದರೆ ಎಳೆ ಒಂದು ಬದಿಗೆ ಮಲಗಿ ಬಣ್ಣ ಗಾಢವಾಗ್ತದೆ, ಹಿಂದಕ್ಕೆ ಸವರಿದರೆ ತಿಳಿಯಾಗ್ತದೆ. ನಾನು ಎರಡು ಮೂರು ಸಲ ಹಾಗೆ ಮಾಡುವಾಗ ಮಗಳು ಕೈ ಹಿಡಿದು ನಿಲ್ಲಿಸಿದಳು. ಗೋಡೆ ಮರದ್ದೇ ಅಂದುಕೊಳ್ಳಬೇಕು, ಹಾಗುಂಟು. ಬೆರಳಿನಿಂದ ತಟ್ಟಿದರೆ ಮಾತ್ರ ಗುಟ್ಟು ರಟ್ಟು. ಇಷ್ಟೆಲ್ಲ ಫಸ್ಟ್ ಕ್ಲಾಸಿನವರಿಗಲ್ಲ ಮಾರಾಯ್ರೇ, ಆಫೀಸಿಗೆ, ಶಾಲೆಗೆ ಹೋಗುವವರಿಗೆ. ಒಸಾಕದ ಉಮೆದಾ ಸ್ಟೇಷನ್ನಿನಿಂದ ಕೋಬೆಯ ಸನ್ನೊಮಿಯಕ್ಕೆ 32 ಕಿ.ಮೀ. ಚಿಲ್ಲರೆ, ಹೆಚ್ಚುಕಮ್ಮಿ ನಮ್ಮ ಕುಂಬಳೆ–ಮಂಗಳೂರಿನಷ್ಟೇ. ಕೆಲವೇ ಕಡೆ ನಿಲ್ಲುವ ಲಿಮಿಟೆಡ್ ಎಕ್ಸ್‌ಪ್ರೆಸ್ ಹತ್ತಿದರೂ ಅದೇ ಟಿಕೆಟು, ಅರ್ಧ ಗಂಟೆಯೊಳಗೆ ಇಳಿಸ್ತದೆ.

ಹೊರಗೆ ಪುನರ್ಪುಳಿ ಶರಬತ್ತಿನ ಬಣ್ಣ. ಅಲ್ಯೂಮಿನಿಯಂ ಬೋಗಿಗೆ ಬಣ್ಣ ಬಳಿಯಲೇಬೇಕೆಂದಿಲ್ಲ, ಆದರೂ ಹಂಕ್ಯೂದವರು ಆ ಮರೂನ್ ಬಿಡುವುದಿಲ್ಲ. 2013ರಲ್ಲಿ ಬಂದ ಮಾದರಿ, ತಯಾರಿಸಿದ್ದು ಹಿಟಾಚಿ. ಪೂರ್ತಿ ಮುಚ್ಚಿದ ಪರ್ಮನೆಂಟ್ ಮ್ಯಾಗ್ನೆಟ್ ಮೋಟಾರು ಇರುವುದರಿಂದ ಹೊರಡುವಾಗ ಕೂಗಾಟವಿಲ್ಲ, ಪಕ್ಕದವರು ಪುಸ್ತಕದ ಹಾಳೆ ಮಗುಚಿದ್ದೂ ಕೇಳ್ತದೆ. ತಂತಿಯಲ್ಲಿ 1500 ವೋಲ್ಟ್ ಡಿಸಿ. ನಮ್ಮಲ್ಲಿ 25,000 ಎಸಿ. ಎರಡು ಹಳಿಗಳ ನಡುವಿನ ಅಂತರವೂ ನಮ್ಮದಕ್ಕಿಂತ ಕಿರಿದು, 1435 ಮಿ.ಮೀ.

ಒಂದು ಮಜಾ ಹೇಳಲೇಬೇಕು. ಹಗಲು ಹತ್ತು ಹತ್ತು ನಿಮಿಷಕ್ಕೆ ಕೋಬೆ, ತಕರಾಜುಕ, ಕ್ಯೋಟೊ ಮೂರು ಲೈನಿನ ಗಾಡಿಗಳೂ ಉಮೆದಾದಿಂದ ಒಟ್ಟಿಗೇ ಹೊರಡುತ್ತವೆ. ಜೂಸೊ ಸ್ಟೇಷನ್ನಿನವರೆಗೆ ಅಕ್ಕಪಕ್ಕ ಓಟ, ನದಿಯ ಸೇತುವೆ ಮೇಲೂ. ಆಚೆ ಗಾಡಿಯ ಮಗುವೊಂದು ನನಗೆ ಟಾಟಾ ಮಾಡಿತು. ಈ ಪ್ರಾಯದಲ್ಲಿ ನಾನೂ ಮಾಡಿದೆ.

ಕೊರತೆ ಇಲ್ಲವೆಂದಲ್ಲ. ಸೀಟು ಉದ್ದುದ್ದಕ್ಕೆ ಗೋಡೆಗೆ ಬೆನ್ನು ಕೊಟ್ಟು ಇರುವುದರಿಂದ ಕಿಟಕಿ ನೋಡಲು ಕುತ್ತಿಗೆ ತಿರುಚಬೇಕು. ಬೆಳಿಗ್ಗೆ ಆ ಚಂದದ ಬಟ್ಟೆ ಕಣ್ಣಿಗೇ ಬೀಳುವುದಿಲ್ಲ, ಅಷ್ಟು ಜನ. ಮತ್ತೆ ಎಂಟೂ ಬೋಗಿಯಲ್ಲಿ ಒಂದು ಶೌಚಾಲಯ ಇಲ್ಲ. ನನ್ನ ಹಾಗೆ ಸಕ್ಕರೆ ಕಾಯಿಲೆಯವರು ಸ್ಟೇಷನ್ನಿನಲ್ಲೇ ಮುಗಿಸಿಕೊಂಡು ಹತ್ತಿ.